ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ರೀಕಾಲ್ ಪಟ್ಟಿಯಲ್ಲಿದೆ, ಉಚಿತ ರಿಪೇರಿ ನನಗೂ ಸಿಗುತ್ತಾ?

ಬೆಳಕಿನ ಬೇಟೆ:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ಮದುವೆ, ಉಪನಯನ, ಗೃಹಪ್ರವೇಶ ಅಂತ ಫೋಟೋ ತೆಗೆಯುತ್ತೇನೆ, ಇದೇ ನನ್ನ ಹೊಟ್ಟೆಪಾಡು. ಒಂದೂವರೆ ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಬ್ಬರಿಂದ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್ ತಗೊಂಡೆ. ಕಂಪನಿ ಹೆಸರು, ಮಾಡೆಲ್ ಇಲ್ಲಿ ಹಾಕುವುದಿಲ್ಲ, ವಿಷಯ ಇನ್ನೂ ಮುಗಿದಿಲ್ಲ.

ಹೋದ ತಿಂಗಳು ಒಂದು ಮದುವೆಯಲ್ಲಿ ಸರಿಯಾಗಿ ಮಾಂಗಲ್ಯಧಾರಣೆ ಹೊತ್ತಿಗೆ ಕ್ಯಾಮೆರಾ ನಿಂತುಹೋಯಿತು. ವಾಲಗ ಜೋರಾಗಿದೆ, ಅಕ್ಷತೆ ಬೀಳುತ್ತಿದೆ, ಇಲ್ಲಿ ನೋಡಿದರೆ ಪರದೆ ಕಪ್ಪು, ಯಾವ ಬಟನ್ ಒತ್ತಿದರೂ ಉಸಿರಿಲ್ಲ. ಬ್ಯಾಟರಿ ಹೊರಗೆ ತೆಗೆದು ಮತ್ತೆ ಹಾಕುವಷ್ಟರಲ್ಲಿ ಮೂರನೇ ಗಂಟು ಬಿದ್ದಾಗಿತ್ತು. ವಿಡಿಯೋದವರ ಹತ್ತಿರ ಒಂದು ಫ್ರೇಮ್ ಕೇಳಿ ತಗೊಂಡು ಆಲ್ಬಂಗೆ ಹಾಕಿದೆ. ಹುಡುಗಿಯ ಅಪ್ಪ ಏನೂ ಅನ್ನಲಿಲ್ಲ. ಆದರೆ ಆ ಪುಟ ಬಂದಾಗ ಅವರ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತು. ಅದು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಮನೆಗೆ ಬಂದು ಹುಡುಕಿದರೆ ಕಂಪನಿಯ ವೆಬ್‌ಸೈಟಿನಲ್ಲೇ ಒಂದು ಸೂಚನೆ ಇದೆ. ಇದೇ ಮಾಡೆಲ್, ಇದೇ ತೊಂದರೆ, ಇಂತಿಂಥ ಸೀರಿಯಲ್ ನಂಬರಿನವಕ್ಕೆ ಉಚಿತ ರಿಪೇರಿ ಅಂತ. ನನ್ನ ನಂಬರ್ ಹಾಕಿ ನೋಡಿದೆ, ಪಟ್ಟಿಯಲ್ಲಿದೆ. ಖುಷಿಯಾಗಿ ಸರ್ವೀಸ್ ಸೆಂಟರಿಗೆ ಹೋದರೆ ಮೊದಲು ಕೇಳಿದ್ದು ಬಿಲ್, ವಾರಂಟಿ ಕಾರ್ಡ್. ನನ್ನ ಹತ್ತಿರ ಎರಡೂ ಇಲ್ಲ. ಹಾಗಾದರೆ 18 ಸಾವಿರ ಆಗುತ್ತೆ, ಸಹಿ ಹಾಕಿ ಅಂದರು. ಹಾಕದೆ ವಾಪಸ್ ಬಂದೆ.

ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ರೀಕಾಲ್ (ದೋಷ ಇದ್ದದ್ದನ್ನು ಕಂಪನಿ ವಾಪಸ್ ಕರೆದು ಸರಿಮಾಡುವುದು) ಅನ್ವಯ ಆಗುವುದಿಲ್ವಾ? ಇದರಲ್ಲಿ ಅನುಭವ ಇದ್ದವರು ದಯವಿಟ್ಟು ಹೇಳಿ.

ಹಳೇ ಶಟರ್:

ತಮ್ಮಾ, ಸಹಿ ಹಾಕದೆ ಬಂದಿದ್ದು ಒಳ್ಳೇದಾಯಿತು. ಎಸ್ಟಿಮೇಟ್‌ಗೆ ಒಮ್ಮೆ ಸಹಿ ಬಿದ್ದರೆ ಅದು ಹಣ ಕೊಟ್ಟು ಮಾಡಿಸುವ ರಿಪೇರಿ ಆಗಿಬಿಡುತ್ತೆ, ಆಮೇಲೆ ಉಚಿತ ಅಂತ ವಾದ ಮಾಡುವುದು ಕಷ್ಟ.

ನಾನು ಇಪ್ಪತ್ತು ವರ್ಷದಿಂದ ಕ್ಯಾಮೆರಾ ಬಿಚ್ಚಿ ಜೋಡಿಸುವ ಕೆಲಸ ಮಾಡ್ತಿದ್ದೇನೆ. ಮೊದಲು ಒಂದು ವಿಷಯ ಗೊತ್ತಿರಲಿ. ನೀವು ರೀಕಾಲ್ ಅಂತೀರಿ, ಕಂಪನಿಯವರು ಹಾಗೆ ಅನ್ನುವುದಿಲ್ಲ. ಅವರ ಮಾತು ‘ಸರ್ವೀಸ್ ಅಡ್ವೈಸರಿ’. ಬ್ಯಾಟರಿ ಕಾದು ಕರಗುವುದು, ಚರ್ಮಕ್ಕೆ ತೊಂದರೆ ಆಗುವುದು, ಇಂಥ ಅಪಾಯ ಇದ್ದರೆ ಮಾತ್ರ ವಾಪಸ್ ಕರೆಯುತ್ತಾರೆ. ಫೋಟೋ ಹಾಳಾಗುವ ದೋಷವಾದರೆ ಒಂದು ಸೂಚನೆ ಹಾಕಿ ಸುಮ್ಮನಾಗುತ್ತಾರೆ, ಬಂದವರಿಗೆ ಮಾಡಿಕೊಡುತ್ತಾರೆ. ಯಾರೂ ನಿಮ್ಮ ಮನೆ ಬಾಗಿಲಿಗೆ ಬಂದು ಕರೆಯುವುದಿಲ್ಲ. ಅದರಲ್ಲೂ ಎರಡನೇ ಕೈಗೆ ಹೋದ ಕ್ಯಾಮೆರಾ ಯಾರ ಹತ್ತಿರ ಇದೆ ಅಂತ ಅವರಿಗೆ ಗೊತ್ತೂ ಇರುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ದೋಷ ಇರುವುದು ಕ್ಯಾಮೆರಾದಲ್ಲಿ, ಮಾಲೀಕನಲ್ಲಿ ಅಲ್ಲ. ಯಾವ ತಿಂಗಳು ತಯಾರಾದ ಕ್ಯಾಮೆರಾಗೆ ಯಾವ ಲಾಟ್‌ನ (ಒಟ್ಟಿಗೆ ತಯಾರಾದ ಗುಂಪಿನ) ಬಿಡಿಭಾಗ ಹೋಯಿತು ಅಂತ ಅವರ ಹತ್ತಿರ ಲೆಕ್ಕ ಇರುತ್ತೆ, ಅದರ ಮೇಲೇ ಸೀರಿಯಲ್ ನಂಬರ್ ಪಟ್ಟಿ ಮಾಡುವುದು. ಆದ್ದರಿಂದ ಸೂಚನೆಯ ಪೂರ್ತಿ ಪಠ್ಯ ಓದಿ. ‘ವಾರಂಟಿ ಮುಗಿದಿದ್ದರೂ ಉಚಿತ’ ಅಂತ ಬರೆದಿದ್ದರೆ ವಾರಂಟಿ ಕಾರ್ಡ್ ಕೇಳುವುದರಲ್ಲಿ ಅರ್ಥವೇ ಇಲ್ಲ. ಕೌಂಟರಿನಲ್ಲಿ ಕೂತ ಹುಡುಗನಿಗೆ ಎಷ್ಟೋ ಸಲ ಇಂಥ ಸೂಚನೆ ಇದೆ ಅಂತಲೇ ಗೊತ್ತಿರುವುದಿಲ್ಲ, ಪಾಪ, ಅವನು ಎಲ್ಲರಿಗೂ ಕೇಳುವ ಹಾಗೆ ಬಿಲ್ ಕೇಳಿರುತ್ತಾನೆ. ಅವನ ಹತ್ತಿರ ಜಗಳ ಆಡಬೇಡಿ. ಕಂಪನಿಗೆ ನೇರ ಇಮೇಲ್ ಮಾಡಿ. ಸೂಚನೆಯ ತಾರೀಖು ಬರೆಯಿರಿ, ಬಾಡಿ ಕೆಳಗಿನ ಸೀರಿಯಲ್ ನಂಬರಿನ ಫೋಟೋ ಹಾಕಿ, ಪಟ್ಟಿಯಲ್ಲಿದೆ ಅಂತ ತೋರಿಸಿದ ಪುಟದ ಸ್ಕ್ರೀನ್‌ಶಾಟ್ ಹಾಕಿ. ಈ ನಂಬರಿಗೆ ಮೊದಲೇ ಈ ರಿಪೇರಿ ಆಗಿದೆಯಾ ಅಂತಲೂ ಕೇಳಿ. ಹಳೇ ಮಾಲೀಕರು ಮಾಡಿಸಿದ್ದರೆ ನಿಮ್ಮ ತೊಂದರೆ ಬೇರೆಯದೇ ಇರಬಹುದು.

ಇನ್ನೊಂದು ಮಾತು. ಅಲ್ಲಿಯವರೆಗೆ ಯಾರ ಕೈಯಲ್ಲೂ, ನನ್ನಂಥವರ ಕೈಯಲ್ಲೂ, ಬಾಡಿ ಬಿಚ್ಚಿಸಬೇಡಿ. ಒಂದು ಸ್ಕ್ರೂ ತಲೆ ಸವೆದಿದ್ದರೂ ಸಾಕು, ಹೊರಗೆ ಬಿಚ್ಚಿದ್ದಾರೆ ಅಂತ ವಾಪಸ್ ಕಳಿಸುತ್ತಾರೆ.

ಕಡಲತೀರದ ಕಣ್ಣು:

ಉಡುಪಿಯಿಂದ. ಹಳೇ ಶಟರ್ ಹೇಳಿದ್ದು ಸರಿ ಮಾರಾಯ್ರೆ. ನನ್ನದೂ ಒಂದು ಕಥೆ ಕೇಳಿ.

2005ರ ಅಕ್ಟೋಬರ್ ಹೊತ್ತಿಗೆ ಒಂದು ದೊಡ್ಡ ಗಲಾಟೆ ಆಗಿತ್ತು, ಹಳಬರಿಗೆ ನೆನಪಿರಬಹುದು. ಸೋನಿ ತಯಾರಿಸಿದ ಸಿಸಿಡಿ ಸೆನ್ಸರಿನಲ್ಲಿ, ಅಂದರೆ ಬೆಳಕನ್ನು ಚಿತ್ರ ಮಾಡುವ ಚಿಪ್‌ನಲ್ಲಿ, ದೋಷ ಸಿಕ್ಕಿತು. ಆ ಸೆನ್ಸರ್ ಸೋನಿ ಕ್ಯಾಮೆರಾಗಳಲ್ಲಿ ಮಾತ್ರ ಇರಲಿಲ್ಲ. ಕ್ಯಾನನ್, ನಿಕಾನ್, ಫ್ಯೂಜಿ, ಒಲಿಂಪಸ್, ಕೊನಿಕಾ ಮಿನೋಲ್ಟಾ, ರಿಕೋ, ಎಲ್ಲರೂ ಅದನ್ನೇ ಕೊಂಡು ಹಾಕಿದ್ದರು. ಹಾಗಾಗಿ ಒಬ್ಬರಾದ ಮೇಲೆ ಒಬ್ಬರು ಸೂಚನೆ ಹಾಕಿದರು. ಚಿಪ್ ಒಳಗಿನ ಸಂಪರ್ಕ ಬಿಟ್ಟುಹೋಗಿ ಚಿತ್ರ ವಕ್ರವಾಗುವುದು, ಇಲ್ಲವೇ ಬರೀ ಕಪ್ಪು ಬರುವುದು. ಬಿಸಿ ಮತ್ತು ತೇವ ಜಾಸ್ತಿ ಇರುವ ಕಡೆ ಇದು ಹೆಚ್ಚು ಅಂತ ಕಂಪನಿಗಳೇ ಬರೆದಿದ್ದವು. ಬಿಸಿ ಮತ್ತು ತೇವ ಅಂದರೆ ನಮ್ಮ ಕರಾವಳಿ ಅಲ್ವಾ! ಇಲ್ಲಿ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸಲು ಹಿಡಿಯುತ್ತದೆ.

ನನ್ನ ಹತ್ತಿರ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಇತ್ತು, ದುಬೈಯಿಂದ ಅಣ್ಣ ತಂದುಕೊಟ್ಟದ್ದು. ಪರ್ಯಾಯದ ದಿವಸ ರಥಬೀದಿಯಲ್ಲಿ ತೆಗೆದ ಫೋಟೋ ಎಲ್ಲ ನೇರಳೆ ಬಣ್ಣಕ್ಕೆ ತಿರುಗಿ, ನೀರಲ್ಲಿ ಅದ್ದಿದ ಹಾಗೆ ಗೆರೆಗೆರೆ ಬಂತು. ಹಾಳಾಯಿತು ಅಂತ ಡಬ್ಬಿಗೆ ಹಾಕಿ ಇಟ್ಟುಬಿಟ್ಟಿದ್ದೆ. ಎಷ್ಟೋ ದಿನ ಆದ ಮೇಲೆ ಸೂಚನೆ ಕಣ್ಣಿಗೆ ಬಿತ್ತು. ಬಿಲ್ ಇಲ್ಲ, ವಾರಂಟಿ ಇಲ್ಲ, ಹೊರದೇಶದ ಪೀಸ್ ಬೇರೆ. ಅಣ್ಣನಿಗೇ ವಾಪಸ್ ಕೊಟ್ಟು ಕಳಿಸಿದೆ, ಅಲ್ಲಿ ಒಂದು ಪೈಸೆ ತಗೊಳ್ಳದೆ ಸೆನ್ಸರ್ ಬದಲಿಸಿ ಕೊಟ್ಟರು. ಅಮ್ಮ ತೀರಿಹೋಗುವ ಮೊದಲಿನ ಎರಡು ವರ್ಷದ ಫೋಟೋ ಎಲ್ಲ ಅದರಲ್ಲೇ ತೆಗೆದದ್ದು. ಆ ರಿಪೇರಿ ಮಾಡಿದವರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ನಿಮ್ಮ ಬಾಡಿ ಭಾರತದಲ್ಲೇ ಮಾರಾಟ ಆದದ್ದಾ, ಹೊರಗಿಂದ ಬಂದದ್ದಾ ಅಂತ ಮೊದಲು ನೋಡಿಕೊಳ್ಳಿ. ಹೊರಗಿನದ್ದಾದರೆ ಇಲ್ಲಿ ಮುಟ್ಟುವುದಿಲ್ಲ ಅನ್ನಬಹುದು. ಆಗ ಆ ದೇಶದ ಕಚೇರಿಗೇ ಬರೆಯಬೇಕಾಗುತ್ತದೆ.

ಎಫ್ ಹದಿನಾರು:

ಮಾಲೀಕರು ಬಾಯಿ ಬಿಡದಿದ್ದರೆ ಏನಾಗುತ್ತೆ, ಬಿಟ್ಟರೆ ಏನಾಗುತ್ತೆ ಅನ್ನುವುದಕ್ಕೆ ನಿಕಾನ್ ಡಿ600 ಕ್ಯಾಮೆರಾದ ವಿಷಯ ಎಲ್ಲರೂ ತಿಳಿದುಕೊಳ್ಳಬೇಕು. 2012ರ ಸೆಪ್ಟೆಂಬರಿನಲ್ಲಿ ಬಂತು. ಸ್ವಲ್ಪ ದಿನದಲ್ಲೇ ಜನ ಗಮನಿಸಿದರು: ಲೆನ್ಸಿನ ಕಿಂಡಿ ಸಣ್ಣದು ಮಾಡಿ ಎಫ್/16ಕ್ಕೆ ಇಟ್ಟು ಬರೀ ಆಕಾಶ ತೆಗೆದರೆ ಚಿತ್ರದ ಎಡ ಮೇಲ್ಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಸೆನ್ಸರ್ ಮೇಲೆ ಬಿದ್ದ ದೂಳಿನವು. ಒರೆಸಿದರೆ ಹೋಗುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತೆ. ಜನ ಸುಮ್ಮನೆ ಕೂರಲಿಲ್ಲ. ಒಂದೇ ಕಡೆ ಕ್ಯಾಮೆರಾ ಇಟ್ಟು ನೂರಾರು ಫ್ರೇಮ್ ತೆಗೆದು ಚುಕ್ಕೆ ಹೇಗೆ ಜಾಸ್ತಿ ಆಗುತ್ತೆ ಅಂತ ತೋರಿಸಿದರು. 2013ರ ಫೆಬ್ರವರಿಯಲ್ಲಿ ಕಂಪನಿ ಒಂದು ಸೂಚನೆ ಹಾಕಿತು, ಮುಖ್ಯವಾಗಿ ಸ್ವಚ್ಛ ಮಾಡುವ ಮಾತು. ಅದೇ ವರ್ಷ ಅಕ್ಟೋಬರಿನಲ್ಲಿ ಹೊಸ ಶಟರ್ (ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ) ಹಾಕಿದ ಡಿ610 ಮಾರುಕಟ್ಟೆಗೆ ಬಂತು. ಹಳೇದು ತಗೊಂಡವರಿಗೆ ಹೇಗೆ ಅನ್ನಿಸಿರಬೇಡ? ನನಗೆ ಅದು ಸರಿ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ.

2014ರ ಮಾರ್ಚ್ 15, ವಿಶ್ವ ಗ್ರಾಹಕರ ದಿನ. ಚೀನಾದ ಸರ್ಕಾರಿ ಟಿವಿ ಆ ದಿನದ ಕಾರ್ಯಕ್ರಮದಲ್ಲಿ ಈ ವಿಷಯ ಎತ್ತಿತು. ಅಲ್ಲಿನ ಅಧಿಕಾರಿಗಳು ಮಾರಾಟ ನಿಲ್ಲಿಸಿ ಅಂದರು. ಅದೇ ತಿಂಗಳು ಕಂಪನಿ ವಾರಂಟಿ ಮುಗಿದಿದ್ದರೂ ಉಚಿತವಾಗಿ ಪರಿಶೀಲಿಸಿ, ಸ್ವಚ್ಛ ಮಾಡಿ, ಶಟರ್ ಕೂಡ ಬದಲಿಸಿಕೊಡುತ್ತೇವೆ ಅಂತ ಒಪ್ಪಿಕೊಂಡಿತು. ಒಂದೂವರೆ ವರ್ಷ ಬೇಕಾಯಿತು ಇದಕ್ಕೆ.

ಮುಂದಿನ ಸಲ ಅದೇ ಕಂಪನಿ ಬೇರೆ ಥರ ನಡೆದುಕೊಂಡಿತು, ಅದನ್ನೂ ಹೇಳಬೇಕು. ಡಿ750ರ ಶಟರ್ ತೊಂದರೆಗೆ 2015ರ ಜುಲೈನಲ್ಲಿ ಸೂಚನೆ ಬಂತು, 2016ರಲ್ಲಿ ಇನ್ನಷ್ಟು ಸೀರಿಯಲ್ ನಂಬರ್ ಸೇರಿಸಿದರು, 2017ರಲ್ಲಿ ಮತ್ತೊಮ್ಮೆ ಸೇರಿಸಿದರು. ಇದರಿಂದ ನಾವು ಕಲಿಯಬೇಕಾದ್ದು ಇದೆ: ಒಮ್ಮೆ ನೋಡಿ ‘ನನ್ನದು ಪಟ್ಟಿಯಲ್ಲಿಲ್ಲ’ ಅಂತ ಮರೆತುಬಿಡಬೇಡಿ, ಆರು ತಿಂಗಳಿಗೊಮ್ಮೆ ಮತ್ತೆ ನೋಡಿ. ಕ್ಯಾನನ್ 5ಡಿ ಬಂದದ್ದು 2005ರಲ್ಲಿ, ಅದರ ಒಳಗಿನ ಕನ್ನಡಿ ಕಳಚಿ ಬೀಳುವುದಕ್ಕೆ ಉಚಿತ ರಿಪೇರಿ ಘೋಷಿಸಿದ್ದು 2009ರಲ್ಲಿ. ಹಳೇ ಮಾಡೆಲ್ ಆದರೂ ಸೂಚನೆ ಬರಬಹುದು.

ಉಲ್ಟಾ ಕೂಡ ಆಗುತ್ತೆ. ಲೈಕಾ ಎಂ9 ಕ್ಯಾಮೆರಾದ ಸೆನ್ಸರಿನ ಗಾಜು ಕಿಲುಬು ಹಿಡಿಯುವುದಕ್ಕೆ ಮೊದಲು ಎಷ್ಟೇ ಹಳೇದಾದರೂ ಉಚಿತವಾಗಿ ಬದಲಿಸುತ್ತಿದ್ದರು, 2017ರಲ್ಲಿ ಷರತ್ತು ಬಿಗಿ ಮಾಡಿದರು. ತಡ ಮಾಡಬೇಡಿ, ಬಿಡಿಭಾಗವೂ ಮುಗಿಯುತ್ತೆ, ಗಡುವೂ ಮುಗಿಯುತ್ತೆ.

ಕಪ್ಪು ಕೋಟು:

ಕಾನೂನಿನ ಕಡೆಯಿಂದ ಒಂದೆರಡು ಮಾತು. ನೀವು ದುಡಿಮೆಗೆ ಬಳಸುವ ಕ್ಯಾಮೆರಾ, ಹಾಗಾಗಿ ನೀವು ಗ್ರಾಹಕರೇ ಅಲ್ಲ ಅಂತ ಯಾರಾದರೂ ಹೆದರಿಸಬಹುದು. ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ, ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶ ಅಂತ ಎಣಿಸುವುದಿಲ್ಲ.

ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ವಿಷಯ ಅಲ್ಲೇ ಬಗೆಹರಿಯುತ್ತದೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಕಾರವಾರದಲ್ಲೇ, ಬೆಂಗಳೂರಿಗೆ ಓಡಾಡಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು.

ಅಪಾಯಕಾರಿ ವಸ್ತುಗಳನ್ನು ವಾಪಸ್ ತರಿಸುವಂತೆ ಆದೇಶಿಸುವ ಅಧಿಕಾರ ಇದೇ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇದೆ. ನಿಮ್ಮದು ಆ ಜಾತಿಯದ್ದಲ್ಲ. ನಿಮ್ಮ ಬಲ ಇರುವುದು ಕಂಪನಿ ತಾನೇ ಬರೆದು ಹಾಕಿದ ಸೂಚನೆಯಲ್ಲಿ. ಅದರ ಪ್ರತಿ ಇವತ್ತೇ ತೆಗೆದಿಟ್ಟುಕೊಳ್ಳಿ, ನಾಳೆ ಆ ಪುಟ ಅಲ್ಲಿ ಇಲ್ಲದೇ ಹೋಗಬಹುದು. ಮಾರಿದವರಿಂದಲೂ ಒಂದು ಚೀಟಿ ಬರೆಸಿಕೊಳ್ಳಿ, ಇಂಥ ದಿನ ಇಷ್ಟಕ್ಕೆ ಈ ನಂಬರಿನ ಕ್ಯಾಮೆರಾ ಕೊಟ್ಟೆ ಅಂತ.

ಹಳೇ ಶಟರ್:

ಬ್ಯಾಟರಿ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. 2012ರಲ್ಲಿ ನಿಕಾನ್ ಇಎನ್-ಇಎಲ್15 ಬ್ಯಾಟರಿಗಳನ್ನು ವಾಪಸ್ ಕರೆದಾಗ ಗುರುತು ಇದ್ದದ್ದು ಒಂದೇ ಒಂದು ಅಕ್ಷರದಲ್ಲಿ. ಬ್ಯಾಟರಿ ಹಿಂದೆ ಬರೆದ ಲಾಟ್ ನಂಬರಿನ ಒಂಬತ್ತನೇ ಅಕ್ಷರ ಇ ಅಥವಾ ಎಫ್ ಆಗಿದ್ದರೆ ಬದಲಿಸಿಕೊಡುತ್ತಿದ್ದರು. ಇರುವೆ ಕಾಲಿನಷ್ಟು ಸಣ್ಣ ಅಕ್ಷರ, ಲೆನ್ಸ್ ಹಿಡಿದು ಓದಬೇಕು. ಅಂಥ ಬ್ಯಾಟರಿ ಸಿಕ್ಕರೆ ಬಳಸಬೇಡಿ, ಚಾರ್ಜ್‌ಗೆ ಹಾಕಬೇಡಿ, ಸುಮ್ನೆ ಕೊರಿಯರಿಗೂ ಕೊಡಬೇಡಿ. ಲೋಹದ ಬಾಯಿಗೆ ಟೇಪ್ ಅಂಟಿಸಿ ಕೈಯಲ್ಲೇ ತಗೊಂಡು ಹೋಗಿ.

ಬೆಳಕಿನ ಬೇಟೆ:

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನದ ನಂತರ ಬರೆಯುತ್ತಿದ್ದೇನೆ.

ಹಳೇ ಶಟರ್ ಅಣ್ಣ ಹೇಳಿದ ಹಾಗೆ ಇಮೇಲ್ ಮಾಡಿದೆ. ಬಾಡಿ ಭಾರತದ್ದೇ. ಮೂರನೇ ದಿನ ಉತ್ತರ ಬಂತು: ಈ ನಂಬರಿಗೆ ಇದುವರೆಗೆ ರಿಪೇರಿ ಆಗಿಲ್ಲ, ಬಿಲ್ ಬೇಡ, ತಂದುಕೊಡಿ ಅಂತ. ಆ ಇಮೇಲ್ ಪ್ರಿಂಟ್ ತೆಗೆದುಕೊಂಡು ಅದೇ ಸರ್ವೀಸ್ ಸೆಂಟರಿಗೆ ಹೋದೆ. ಮೊನ್ನೆ 18 ಸಾವಿರ ಅಂದಿದ್ದ ಹುಡುಗನೇ ಜಾಬ್ ಶೀಟ್ ಬರೆದ, ‘ಸಾರಿ ಸರ್, ನಮಗೆ ಹೇಳಿರಲಿಲ್ಲ’ ಅಂದ. ಶೀಟಿನಲ್ಲಿ ‘ಉಚಿತ’ ಅಂತ ಬರೆಸಿಕೊಂಡು, ಮೆಮೊರಿ ಕಾರ್ಡ್, ಬೆಲ್ಟ್ ತೆಗೆದುಕೊಂಡು ಬಾಡಿ ಕೊಟ್ಟು ಬಂದೆ.

ಬಿಡಿಭಾಗ ಬರಲು ಮೂರು ವಾರ ಆಗುತ್ತೆ ಅಂದಿದ್ದಾರೆ. ಈಗ ಇರುವ ಚಿಂತೆ ಅದೇ. ಮುಂದಿನ ವಾರ ಬನವಾಸಿಯಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೇನೆ. ಶಿರಸಿ, ಹುಬ್ಬಳ್ಳಿ ಕಡೆ ಎರಡು ದಿನಕ್ಕೆ ಬಾಡಿ ಬಾಡಿಗೆಗೆ ಕೊಡುವವರು ಇದ್ದರೆ ದಯವಿಟ್ಟು ತಿಳಿಸಿ.

ಎಫ್ ಹದಿನಾರು:

ನಾನು ಹುಬ್ಬಳ್ಳಿಯಲ್ಲೇ ಇದ್ದೇನೆ. ನನ್ನ ಎರಡನೇ ಬಾಡಿ ಆ ವಾರ ಖಾಲಿ ಇದೆ, ಎರಡು ಬ್ಯಾಟರಿ ಸಮೇತ ಕೊಡುತ್ತೇನೆ, ಬಾಡಿಗೆ ಬೇಡ. ಅದರ ಸೀರಿಯಲ್ ನಂಬರ್ ನಿನ್ನೆ ರಾತ್ರಿ ನೋಡಿದೆ, ಯಾವ ಪಟ್ಟಿಯಲ್ಲೂ ಇಲ್ಲ. ಮೆಸೇಜ್ ಮಾಡಿ.