ಅಣ್ಣನಿಗೆ ಹೇಳೋಣ ಎಂದರೆ ಬಾಯಿ ಬರುತ್ತಿಲ್ಲ: ಮನೋವೈದ್ಯರಿಗೆ ಪ್ರಶ್ನೆ

ಪ್ರಶ್ನೆ (ಬನಹಟ್ಟಿಯಿಂದ, ಹೆಸರು ಬೇಡ ಎಂದಿದ್ದಾರೆ): ನಮಸ್ಕಾರ ಮೇಡಂ. ನಾನು ಪಾವರ್‌ಲೂಮ್ ನೇಕಾರ. ದೀಪಾವಳಿ ಆದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ. ಮಗ್ಗದ ಮುಂದೆ ನಿಂತರೂ ಲಕ್ಷ್ಯ ಇರುವುದಿಲ್ಲ. ಎಳೆ ಹರಿದದ್ದು ಕಾಣದೆ ಮೊನ್ನೆ ಸೀರೆಯೇ ಕೆಟ್ಟಿತು. ಸಾಲವೂ ಇದೆ. ಅಣ್ಣನಿಗೆ ಹೇಳೋಣ ಎಂದು ಹೋಗುತ್ತೇನೆ, ಚಹಾ ಕುಡಿದು ವಾಪಸ್ ಬರುತ್ತೇನೆ. ದವಾಖಾನೆಗೆ ಹೋದರೆ ಊರಲ್ಲಿ ಹುಚ್ಚ ಅಂತಾರೆ. ಏನು ಮಾಡಲಿ?

ಉತ್ತರ: ನಮಸ್ಕಾರ ರೀ. ಇಷ್ಟು ಬರೆದಿದ್ದೀರಲ್ಲ, ಅದಕ್ಕೇ ಧೈರ್ಯ ಬೇಕು. ಮನಸ್ಸು ಕುಗ್ಗಿದಾಗ ‘ನಾನು ಎಲ್ಲರಿಗೂ ಭಾರ’ ಎಂಬ ಯೋಚನೆ ತಾನಾಗಿ ಬರುತ್ತದೆ. ಬಾಯಿ ಕಟ್ಟುವುದು ಅದರಿಂದಲೇ.

ಎಲ್ಲವನ್ನೂ ಒಂದೇ ಸಲ ಹೇಳಬೇಕು ಅಂದುಕೊಂಡಿದ್ದೀರಿ, ಅಲ್ವಾ? ಬೇಡ. ಸಾಲದ ಲೆಕ್ಕ ಆಮೇಲೆ ಇರಲಿ. ‘ಅಣ್ಣಾ, ನನಗೆ ರಾತ್ರಿ ನಿದ್ದೆ ಇಲ್ಲ, ದವಾಖಾನೆಗೆ ಜೊತೆಗೆ ಬಾ’, ಇಷ್ಟೇ ಹೇಳಿ. ಎದುರು ಕೂತು ಆಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ನನ್ನ ಹತ್ತಿರ ಬರುವವರೂ ಜಾಸ್ತಿ ಜನ ಮೊದಲು ಹೇಳುವುದು ನಿದ್ದೆ, ತಲೆನೋವು, ಎದೆ ಭಾರ. ಉಳಿದದ್ದು ನಿಧಾನವಾಗಿ ಬರುತ್ತದೆ.

ಬಾಗಲಕೋಟೆ ನವನಗರದ ಜಿಲ್ಲಾಸ್ಪತ್ರೆಯಲ್ಲಿ ತೋರಿಸಬಹುದು. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗಿನ ಮಾತು ಬೇರೆ. ಈಗಲೇ ಹೊರಗೆ ಹೋಗಲು ಮನಸ್ಸಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ನೇರವಾಗಿ ಕೇಳುತ್ತೇನೆ: ಸಾಯಬೇಕು ಅನ್ನಿಸುತ್ತಿದೆಯಾ? ಅನ್ನಿಸಿದ್ದರೆ ಈಗಲೇ ಆ ನಂಬರಿಗೆ ಮಾತಾಡಿ. ರಾತ್ರಿ ಒಬ್ಬರೇ ಇರಬೇಡಿ.

ಪ್ರಶ್ನೆ ಕೇಳಿದವರು: ಅಲ್ಲಿಯವರೆಗೆ ಹೋಗಿಲ್ಲ ಮೇಡಂ. ಆದರೆ ಗುಳಿಗೆ ಶುರು ಮಾಡಿದರೆ ಸಾಯೋತನಕ ಬಿಡೋ ಹಾಗಿಲ್ಲವಂತೆ?

ಉತ್ತರ: ಹಾಗೇನಿಲ್ಲ. ಎಲ್ಲರಿಗೂ ಗುಳಿಗೆ ಬೇಕಾಗುವುದೂ ಇಲ್ಲ. ಖಿನ್ನತೆಗೆ ಕೊಟ್ಟರೆ ಪರಿಣಾಮ ಕಾಣಲು 2ರಿಂದ 4 ವಾರ ಹಿಡಿಯುತ್ತದೆ. ಆರಾಮಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ತೆಗೆದುಕೊಳ್ಳಬೇಕು, ಆಮೇಲೆ ಡಾಕ್ಟರೇ ಕಡಿಮೆ ಮಾಡುತ್ತಾರೆ. ನಡುವೆ ನೀವಾಗಿ ನಿಲ್ಲಿಸಬೇಡಿ.

ಇಳಕಲ್‌ನ ಮಹಿಳೆಯೊಬ್ಬರು: ನಮ್ಮ ತಮ್ಮನೂ ಹೀಗೇ ಇದ್ದಾನೆ. ಕೇಳಿದರೆ ‘ಆರಾಮ ಇದ್ದೀನಿ’ ಅಂತಾನೆ.

ಉತ್ತರ: ಅಕ್ಕಾ, ಮನೆ ಮಂದಿ ಮುಂದೆ ಕೇಳಬೇಡಿ. ಇಬ್ಬರೇ ಗಾಡಿ ಮೇಲೆ ಹೋಗುವಾಗ ಕೇಳಿ. ‘ಎರಡು ಹೊತ್ತು ಊಟ ಬಿಡ್ತಾ ಇದ್ದಿ’ ಎಂದು ಕಂಡದ್ದನ್ನೇ ಹೇಳಿ. ‘ಗಂಡಸಾಗಿ ಹೀಗೆ ಕೂತರೆ ಹೇಗೆ’ ಎಂಬ ಮಾತು ಮಾತ್ರ ಬೇಡ. ಅದು ಕಿವಿಗೆ ಬೀಳುತ್ತದೆ ಎಂದು ಹೆದರಿಯೇ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ. ಅವನು ಒಪ್ಪದಿದ್ದರೂ 14416ಕ್ಕೆ ನೀವೇ ಫೋನ್ ಮಾಡಿ ಸಲಹೆ ಕೇಳಬಹುದು.