ಆಳ ಕಾಣದ ಮಗ, ಆಳ ತೋರಿಸುವ ಆಟದ ಪರದೆ: ಪ್ರಶ್ನೋತ್ತರ

ಪ್ರಶ್ನೆ (ಸಾಗರದ ತಾಯಿಯೊಬ್ಬರು): ನಮಸ್ಕಾರ ಸರ್. ದಸರಾ ರಜೆಗೆ ಬಂದಿದ್ದ ಭಾವನವರ ಮಗ ತಾನು ಹಿಂದೆ ಆಡುತ್ತಿದ್ದ ನಿಂಟೆಂಡೊ 3ಡಿಎಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರವನ್ನು ನನ್ನ ಎಂಟು ವರ್ಷದ ಮಗನಿಗೆ ಕೊಟ್ಟು ಹೋಗಿದ್ದಾನೆ. ಕನ್ನಡಕವಿಲ್ಲದೆಯೇ ಚಿತ್ರ ಪರದೆಯೊಳಗೆ ಆಳವಾಗಿ ಕಾಣುತ್ತದೆಂದು ಮನೆಮಂದಿಯೆಲ್ಲ ಬೆರಗಾದರೆ, ಮಗ ಮಾತ್ರ ಏನೂ ಬೇರೆ ಕಾಣುವುದಿಲ್ಲ ಎನ್ನುತ್ತಾನೆ. ಆಳವನ್ನು ಹೆಚ್ಚು ಕಡಿಮೆ ಮಾಡುವ ಪಕ್ಕದ ಗುಂಡಿಯನ್ನು ಪೂರ್ತಿ ಕೆಳಗಿಳಿಸಿಯೇ ಆಡುತ್ತಾನೆ; ಆಟದಲ್ಲೇನೂ ಹಿಂದೆ ಬಿದ್ದಿಲ್ಲ. ಈ ಪರದೆಯಿಂದ ಅವನ ಕಣ್ಣು ಕೆಟ್ಟಿರಬಹುದೇ?

ಉತ್ತರ (ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಕರು, ಶಿವಮೊಗ್ಗ): ನಮಸ್ಕಾರ ಅಮ್ಮಾ. ಮೊದಲೇ ಇದ್ದ ತೊಂದರೆಯೊಂದನ್ನು ಪರದೆ ತೋರಿಸಿಕೊಟ್ಟಿರುವ ಸಂಭವವೇ ಹೆಚ್ಚು. ಆದ್ದರಿಂದ ಯಂತ್ರವನ್ನು ಬೀರುವಿನಲ್ಲಿ ಬಚ್ಚಿಡುವುದಕ್ಕಿಂತ ಮಗನನ್ನು ಕಣ್ಣಿನ ಪರೀಕ್ಷೆಗೆ ಕರೆದೊಯ್ಯುವುದು ಮುಖ್ಯ.

ನಮ್ಮ ಕಡೆಯ ಹಳೆಯ ಮನೆಗಳ ಜಗಲಿಯಲ್ಲಿ ಸಾಲು ಮರದ ಪಟ್ಟಿಗಳ ದಳಿಯ ಹಿಂದೆ ಕುಳಿತು, ಒಂದೊಂದೇ ಕಣ್ಣು ಮುಚ್ಚಿ ಅಂಗಳದತ್ತ ನೋಡಿ. ಎಡಗಣ್ಣಿಗೆ ಕಂಡ ಅಡಿಕೆ ಮರ ಬಲಗಣ್ಣಿಗೆ ದಳಿಯ ಮರೆಗೆ ಸರಿದಿರುತ್ತದೆ. 2011ರಲ್ಲಿ ಬಂದ ಈ ಯಂತ್ರದ ಮೇಲಿನ ಪರದೆಯಲ್ಲಿ ಅಂಥದೇ ಸೂಕ್ಷ್ಮ ದಳಿಯೊಂದಿದ್ದು, ಅಡ್ಡಸಾಲಿನ 800 ಚುಕ್ಕಿಗಳಲ್ಲಿ 400ನ್ನು ಒಂದು ಕಣ್ಣಿಗೆ, ಉಳಿದ 400ನ್ನು ಇನ್ನೊಂದಕ್ಕೆ ಹಂಚುತ್ತದೆ. ಎರಡು ಚಿತ್ರಗಳ ನಡುವಿನ ಅಲ್ಪ ವ್ಯತ್ಯಾಸವನ್ನು ಮಿದುಳು ಬೆಸೆದು ಆಳವೆಂದು ಓದಿಕೊಳ್ಳುತ್ತದೆ. ಮೆಳ್ಳೆಗಣ್ಣಿದ್ದರೆ, ಒಂದು ಕಣ್ಣಿನ ಚಿತ್ರವನ್ನು ಮಿದುಳು ಕಡೆಗಣಿಸಿ ಆ ಕಣ್ಣು ಸೋಮಾರಿಯಾಗಿದ್ದರೆ, ಅಥವಾ ಎರಡೂ ಕಣ್ಣುಗಳ ಪವರಿನಲ್ಲಿ ಹೆಚ್ಚು ಅಂತರವಿದ್ದರೆ ಆ ಬೆಸುಗೆ ಸರಿಯಾಗಿ ಕೂಡುವುದಿಲ್ಲ. ಮೊದಲಿನಿಂದಲೂ ಹಾಗೆಯೇ ನೋಡಿದ ಮಗುವಿಗೆ ತನಗೇನೋ ಕಾಣುತ್ತಿಲ್ಲ ಎಂಬುದೇ ಗೊತ್ತಿರುವುದಿಲ್ಲ.

ಯಂತ್ರವನ್ನು ಓರೆಯಾಗಿ ಹಿಡಿದರೂ ಆಳ ಕಾಣುವುದಿಲ್ಲವಾದ್ದರಿಂದ, ಮುಖಕ್ಕೆ ನೇರವಾಗಿ, ಒಂದು ಗೇಣಿನ ಮೇಲೆ ನಾಲ್ಕು ಬೆರಳಿನಷ್ಟು ದೂರದಲ್ಲಿ ಹಿಡಿಸಿ ಒಮ್ಮೆ ನೋಡಿ. ಪರೀಕ್ಷೆಯಲ್ಲಿ ನಾವು ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತಲುಪಿಸುವ ಪೋಲರಾಯ್ಡ್ ಕನ್ನಡಕ ಹಾಕಿಸಿ, ದೊಡ್ಡ ನೊಣದ ಚಿತ್ರ ತೋರಿಸಿ, ಅದರ ರೆಕ್ಕೆ ಹಿಡಿ ಎನ್ನುತ್ತೇವೆ. ಆಳ ಕಾಣುವ ಮಗು ಪುಟದಿಂದ ಮೇಲೆ, ಬರೀ ಗಾಳಿಯನ್ನು ಚಿವುಟುತ್ತದೆ. ಕೆಲವು ಮಕ್ಕಳು ಹೇಸಿಕೊಂಡು ಕೈ ಹಿಂದಕ್ಕೆಳೆದುಕೊಳ್ಳುವುದೂ ಉಂಟು. ಕಾಣದ ಮಗುವಿನ ಬೆರಳು ನೇರವಾಗಿ ಕಾಗದಕ್ಕೆ ತಾಗುತ್ತದೆ. ಕನ್ನಡಕದಿಂದಲೋ, ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟುವುದರಿಂದಲೋ ಎಂಟನೆಯ ವಯಸ್ಸಿನಲ್ಲೂ ದೃಷ್ಟಿಯನ್ನು ಸುಧಾರಿಸಬಹುದು, ಆದರೆ ತಡಮಾಡಿದಷ್ಟೂ ಕಷ್ಟ.

ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಆಳದ ಚಿತ್ರ ಬೇಡವೆಂದು ಕಂಪನಿಯೇ ಎಚ್ಚರಿಸಿತ್ತು, ಮತ್ತು 2013ರಲ್ಲಿ ಆಳವೇ ಇಲ್ಲದ 2ಡಿಎಸ್ ಅನ್ನೂ ತಂದಿತು.

ಪ್ರಶ್ನೆ (ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ಗೆಳೆಯರೊಂದಿಗೆ ಇಂಥದೇ ಪರದೆಗಾಗಿ ಹೊಳೆ ದಾಟುವ ಆಟವೊಂದನ್ನು ಕಟ್ಟುತ್ತಿದ್ದೇನೆ. ಯಾವ ಕಲ್ಲು ಹತ್ತಿರ, ಯಾವುದು ದೂರ ಎಂಬುದು ಆಳದಿಂದಲೇ ತಿಳಿಯಬೇಕೆಂಬುದು ನಮ್ಮ ಯೋಚನೆ. ಆಳ ಕಾಣದವರಿಗೆ ಸುಲಭದ ಹಂತವೊಂದನ್ನು ಬೇರೆಯಾಗಿ ಕೊಟ್ಟರೆ ಸಾಲದೇ?

ಉತ್ತರ: ಸಾಲದು. ಹಾಗೆ ಮಾಡಿದರೆ ಮೇಲಿನ ತಾಯಿಯ ಮಗನನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿ ಬಡಿಸಿದ ಹಾಗಾಗುತ್ತದೆ. ನಮ್ಮೂರಿನ ಹಿರಿಯರೊಬ್ಬರು ಒಂದೇ ಕಣ್ಣಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಬೆರಳು ಒಮ್ಮೆಯೂ ಕುಯ್ದುಕೊಂಡದ್ದಿಲ್ಲ. ನೆರಳು, ಗಾತ್ರ, ಒಂದು ವಸ್ತು ಇನ್ನೊಂದನ್ನು ಮರೆಮಾಡುವ ರೀತಿ, ತಲೆ ಅಲುಗಿದಾಗ ಹತ್ತಿರದ್ದು ಬೇಗ ಸರಿಯುವುದು, ಇವೆಲ್ಲ ಒಂದೇ ಕಣ್ಣಿಗೂ ದೂರವನ್ನು ತಿಳಿಸುತ್ತವೆ. ನಿಮ್ಮ ಕಲ್ಲುಗಳಿಗೆ ಮೊದಲು ಇವನ್ನು ಕೊಡಿ, ಆಳವನ್ನು ಅದರ ಮೇಲಿನ ಒಗ್ಗರಣೆಯಾಗಿ ಇಡಿ. 2011ರ ‘ಸೂಪರ್ ಮಾರಿಯೊ 3ಡಿ ಲ್ಯಾಂಡ್’ ಆಟದಲ್ಲಿ ಆಳ ಕಂಡರೆ ನೆಗೆತದ ಅಂದಾಜು ಸುಲಭವಾಗುತ್ತದೆ, ಕಾಣದಿದ್ದರೂ ಆಟ ನಿಲ್ಲುವುದಿಲ್ಲ.

ಎರಡು ಕಣ್ಣಿಗೆ ಎರಡು ಚಿತ್ರ ಬಿಡಿಸಬೇಕಾದ್ದರಿಂದ ಯಂತ್ರದ ಕೆಲಸವೂ ಹೆಚ್ಚುತ್ತದೆ. 2013ರ ‘ಪೋಕೆಮಾನ್ ಎಕ್ಸ್’ ಮತ್ತು ‘ವೈ’ ಆಟಗಳು ಆಳವನ್ನು ಕೆಲವೇ ದೃಶ್ಯಗಳಿಗೆ ಸೀಮಿತಗೊಳಿಸಿದವು. ಯಂತ್ರವನ್ನೇ ಓಲಾಡಿಸಿ ಗುರಿ ಹಿಡಿಯುವ ಆಟಗಳದ್ದು ಇನ್ನೊಂದು ಪೇಚು, ಏಕೆಂದರೆ ಓಲಾಡಿಸಿದ ಕ್ಷಣವೇ ಕಣ್ಣು ದಳಿಯ ನೇರದಿಂದ ತಪ್ಪಿ ಚಿತ್ರ ಒಡೆಯುತ್ತದೆ. 2014ರ ಹೊಸ ಮಾದರಿ ಕ್ಯಾಮೆರಾದಿಂದ ಮುಖವನ್ನು ಹಿಂಬಾಲಿಸಿ ಇದನ್ನು ಬಹುಮಟ್ಟಿಗೆ ಸರಿಪಡಿಸಿತು.

ಕಣ್ಣು ಚಿತ್ರದ ಆಳಕ್ಕೆ ತಿರುಗಿದರೂ ಅದರ ಮಸೂರ ಪರದೆಯ ದೂರಕ್ಕೇ ಹೊಂದಿಕೊಂಡಿರಬೇಕು. ಈ ಎಳೆದಾಟದಿಂದಲೇ ತಲೆನೋವು ಬರುವುದು. ಅಕ್ಷರ, ಅಂಕ, ಸೂಚನೆಗಳನ್ನು ಪರದೆಯ ಮಟ್ಟದಲ್ಲೇ ಇಟ್ಟು, ಆಳವನ್ನು ಮಿತವಾಗಿ ಬಳಸಿ. ಮಕ್ಕಳ ಕಣ್ಣುಗಳ ನಡುವಿನ ಅಂತರ ದೊಡ್ಡವರಿಗಿಂತ ಕಡಿಮೆಯಿರುವುದರಿಂದ ನಿಮಗೆ ಹಿತವೆನಿಸಿದ ಆಳ ಅವರಿಗೆ ಅತಿಯಾಗಬಹುದು. ಆ ಯಂತ್ರದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು, ಮೆನುವಿನೊಳಗೆ ಹುಡುಕಬೇಕಾಗಿಲ್ಲದೆ ಆಡುತ್ತಿರುವಾಗಲೇ ಬೆರಳಿಗೆ ಸಿಗುವ ಆ ಪಕ್ಕದ ಗುಂಡಿ. ನಿಮ್ಮ ಆಟದಲ್ಲೂ ಅದು ಸೊನ್ನೆಯವರೆಗೆ ಇಳಿಯಲಿ.

ಪ್ರಶ್ನೆ (ಸಾಗರದ ತಾಯಿ): ಧನ್ಯವಾದ ಸರ್. ಬರುವ ವಾರ ಕರೆತರುತ್ತೇವೆ. ಅಲ್ಲಿಯವರೆಗೆ ಆಡಲು ಬಿಡಬಹುದೇ?

ಉತ್ತರ: ಬಿಡಿ ಅಮ್ಮಾ. ಗುಂಡಿ ಕೆಳಗಿದ್ದಾಗ ದಳಿಯ ಪದರ ಆರಿಹೋಗಿ, ಅದು ಮಾಮೂಲಿ ಪರದೆಯೇ ಆಗಿರುತ್ತದೆ. ನಡುನಡುವೆ ಅಂಗಳಕ್ಕೆ ಎಬ್ಬಿಸಿ ಕಳಿಸಿ, ಬಸ್ಸಿನಲ್ಲಿ ಬರುವಾಗ ಮಾತ್ರ ಕೈಗೆ ಕೊಡಬೇಡಿ. ಹಳೆಯ ಕನ್ನಡಕದ ಚೀಟಿಯೇನಾದರೂ ಇದ್ದರೆ ಜೊತೆಗೆ ತನ್ನಿ.