ಅಪ್‌ಡೇಟ್: ಅಲ್ಟ್ರಾಸೌಂಡ್ ತರಬೇತಿ ಕುರಿತು ನಾವು ಕೈಗೊಂಡ ತೀರ್ಮಾನ

ಪಿಯುಸಿಯಲ್ಲಿ ವಿಜ್ಞಾನ ಓದಿರುವ ನನ್ನ ತಂಗಿ ಅಲ್ಟ್ರಾಸೌಂಡ್ ತಂತ್ರಜ್ಞೆಯಾಗಲು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಸಾಕೇ, ಪದವಿಯೇ ಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು. ಅವಳು ಈಗ ಕೋಲಾರದಲ್ಲಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್ಸಿ.ಗೆ ಸೇರಿದ್ದಾಳೆ.

ತೀರ್ಮಾನಕ್ಕೆ ಮುಖ್ಯ ಕಾರಣ ಶುಲ್ಕವಲ್ಲ, ಕಾನೂನು. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯು ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವುದಷ್ಟೇ ಅಲ್ಲದೆ, ಗರ್ಭಿಣಿಯರ ಸ್ಕ್ಯಾನಿಂಗನ್ನು ನೋಂದಾಯಿತ ಕೇಂದ್ರದಲ್ಲಿ, ನಿಗದಿತ ಅರ್ಹತೆಯುಳ್ಳ ವೈದ್ಯರೇ ಮಾಡಬೇಕೆಂದು ಕಟ್ಟುಪಾಡು ವಿಧಿಸುತ್ತದೆ. ಅಮೆರಿಕದಲ್ಲಿ ಸೋನೋಗ್ರಾಫರ್ (ಅಲ್ಟ್ರಾಸೌಂಡ್ ತಂತ್ರಜ್ಞರು) ಚಿತ್ರಗಳನ್ನು ತೆಗೆದು ವೈದ್ಯರು ವರದಿ ಬರೆಯುವ ಪದ್ಧತಿಯಿದೆ. ಅದನ್ನು ವಿಡಿಯೋಗಳಲ್ಲಿ ನೋಡಿದವರು ಇಲ್ಲಿಯೂ ಹಾಗೆಯೇ ಎಂದು ಭಾವಿಸುವುದು ಸಹಜ. ನಾವು ವಿಚಾರಿಸಿದ ಒಂದು ಖಾಸಗಿ ಸಂಸ್ಥೆಯಂತೂ ಆರು ತಿಂಗಳಲ್ಲಿ ಸ್ವತಂತ್ರವಾಗಿ ಸ್ಕ್ಯಾನ್ ಮಾಡಬಹುದೆಂದು ಧೈರ್ಯವಾಗಿ ಹೇಳಿತು. ವಾಸ್ತವದಲ್ಲಿ, ಇದೇ ಕಾಯ್ದೆಯಡಿಯ 2014ರ ನಿಯಮಗಳು ಆರು ತಿಂಗಳ ತರಬೇತಿಯನ್ನು ನಿಗದಿಪಡಿಸಿರುವುದು ಎಂಬಿಬಿಎಸ್ ಮುಗಿಸಿದ ವೈದ್ಯರಿಗೆ!

ಅಲ್ಟ್ರಾಸೌಂಡ್ ಕೊಠಡಿಯಲ್ಲಿ ತಂತ್ರಜ್ಞರ ಪಾಲಿಗೆ ಹೆಚ್ಚಾಗಿ ಬರುವುದು ರೋಗಿಯನ್ನು ಸಿದ್ಧಪಡಿಸುವುದು, ಯಂತ್ರದ ನಿಗಾ, ದಾಖಲೆಗಳ ನಿರ್ವಹಣೆ. ಅವರಿಗೆ ನಿಜವಾದ ಕೈಕೆಲಸವೂ ಉದ್ಯೋಗಾವಕಾಶವೂ ಇರುವುದು ಎಕ್ಸ್-ರೇ, ಸಿಟಿ, ಎಂಆರ್‌ಐಗಳಲ್ಲಿ. ಪದವಿಯಲ್ಲಿ ಇವೆಲ್ಲವನ್ನೂ ಕಲಿಸುತ್ತಾರೆ. ಆದ್ದರಿಂದ ಕಾಲೇಜಿಗೆ ಸ್ವಂತ ಬೋಧನಾ ಆಸ್ಪತ್ರೆ ಇದೆಯೇ, ಅಲ್ಲಿ ಈ ಯಂತ್ರಗಳೆಲ್ಲ ಇವೆಯೇ, ಇಂಟರ್ನ್‌ಶಿಪ್ ಅಲ್ಲಿಯೇ ನಡೆಯುತ್ತದೆಯೇ ಎಂಬುದನ್ನು ಮೊದಲು ನೋಡಿದೆವು. ಮುಳಬಾಗಿಲಿನಿಂದ ದಿನವೂ ಬಸ್ಸಿನಲ್ಲಿ ಓಡಾಡಬಹುದಾದ್ದರಿಂದ ಹಾಸ್ಟೆಲ್ ಖರ್ಚೂ ಉಳಿಯಿತು.